ಈಗ ತಾನೇ ಇದ್ದ ಫೈಲ್ ಹುಡುಕಲು: ರೀಸೆಂಟ್ ಪಟ್ಟಿಯೋ, ಎವೆರಿಥಿಂಗೋ?

ನನ್ನ ಮತ ವಿಂಡೋಸ್‌ನಲ್ಲಿ ಫೈಲ್ ಹುಡುಕಿಕೊಡುವ ಎವೆರಿಥಿಂಗ್ ಎಂಬ ಉಚಿತ ತಂತ್ರಾಂಶಕ್ಕೆ. ಉಡುಪಿಯಲ್ಲಿ ಡಿಟಿಪಿ, ಅಂದರೆ ಮುದ್ರಣಕ್ಕೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಮಾಡುವ ನನ್ನಂಥವರಿಗೆ ಮಕರ ಸಂಕ್ರಮಣದಿಂದ ಮೇ ಕೊನೆಯ ಪತ್ತನಾಜೆಯವರೆಗೆ ಬಿಡುವಿಲ್ಲ. ಬ್ರಹ್ಮಕಲಶೋತ್ಸವದ ಆಮಂತ್ರಣ, ಭೂತದ ನೇಮದ ಕಾಗದ, ಬಯಲಾಟದ ಕರಪತ್ರ, ನಡುವೆ ಮದುವೆಗಳು. ಬೆಳಿಗ್ಗೆ ಕರಡು ನೋಡಿ ಹೋದವರು ಸಂಜೆ ಬಂದು, "ಸಮಿತಿಯವರ ಒಂದು ಹೆಸರು ಬಿಟ್ಟುಹೋಗಿದೆ ಮಾರಾಯರೇ" ಎಂದು ಎದುರು ನಿಂತಾಗ ಫೈಲ್ ಆ ಕ್ಷಣವೇ ಸಿಗಬೇಕು.

ಹೆಸರು ಹಿಡಿದು ಹುಡುಕೋಣವೆಂದರೆ, ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯ ಕ್ರಮದಲ್ಲಿ ಟೈಪಿಸಿದ ಹೆಸರುಗಳು ಫೋಲ್ಡರಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತವೆ. ಹಾಗಾಗಿ ನಮಗೆ ದಿನಾಂಕವೇ ಗತಿ.

ವಿಂಡೋಸ್ ಕೀ ಜೊತೆ ಆರ್ ಒತ್ತಿ ರೀಸೆಂಟ್ ಎಂದು ಬರೆದರೆ ಇತ್ತೀಚೆಗೆ ತೆರೆದ ಫೈಲುಗಳ ಫೋಲ್ಡರ್ ಬರುತ್ತದೆ. ಅಲ್ಲಿರುವುದು ಫೈಲುಗಳಲ್ಲ, ಅವುಗಳ ಶಾರ್ಟ್‌ಕಟ್‌ಗಳು. ಪೆನ್‌ಡ್ರೈವ್ ಕಿತ್ತರೆ ಅದರೊಳಗಿನ ಫೈಲಿನ ಶಾರ್ಟ್‌ಕಟ್ ಒತ್ತಿ ಪ್ರಯೋಜನವಿಲ್ಲ. ನಕಲಿಸಿ ಇಟ್ಟು ಇನ್ನೂ ತೆರೆಯದ ಫೈಲ್ ಈ ಪಟ್ಟಿಗೆ ಬರುವುದೇ ಇಲ್ಲ.

ನಾವು ವಿನ್ಯಾಸಕ್ಕೆ ಬಳಸುವ ಕೋರೆಲ್‌ಡ್ರಾದೊಳಗಿನ ಓಪನ್ ರೀಸೆಂಟ್ ಒಳ್ಳೆಯದೇ, ಆದರೆ ಅದಕ್ಕೆ ತನ್ನ ಫೈಲುಗಳು ಮಾತ್ರ ಗೊತ್ತು.

ಎವೆರಿಥಿಂಗ್ ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲುಗಳನ್ನು ಇಡುವ ಒಂದು ಕ್ರಮ) ಡಿಸ್ಕಿನ ಫೈಲ್ ಕೋಷ್ಟಕವನ್ನೇ ನೇರವಾಗಿ ಓದುತ್ತದೆ. ನನ್ನ ಹಳೆಯ ಹಾರ್ಡ್ ಡಿಸ್ಕಿನಲ್ಲೂ ಟೈಪಿಸುತ್ತಿದ್ದ ಹಾಗೆಯೇ ಪಟ್ಟಿ ಕಿರಿದಾಗುತ್ತದೆ. ಡಿ, ಎಂ, ಕೋಲನ್ ಹಾಕಿ ಟುಡೇ ಎಂದು ಬರೆದರೆ ಇಂದು ಬದಲಾದ ಫೈಲುಗಳಷ್ಟೇ ಉಳಿಯುತ್ತವೆ.

ಆದರೂ ಒಂದು ತೊಡಕು ನನ್ನನ್ನು ಬಹಳ ಕಾಡಿತು. ಗಿರಾಕಿ ಪೆನ್‌ಡ್ರೈವ್‌ನಲ್ಲಿ ತಂದ ಫೋಟೊಗಳನ್ನು ಮಧ್ಯಾಹ್ನ ನಕಲಿಸಿಕೊಂಡಿರುತ್ತೇನೆ. ಇಂದಿನ ಪಟ್ಟಿಯಲ್ಲಿ ಅವುಗಳ ಸುಳಿವೇ ಇರುವುದಿಲ್ಲ. ನಕಲಿಸಿದಾಗ ಫೈಲಿನ ಮಾರ್ಪಾಟಿನ ದಿನಾಂಕ ಬದಲಾಗುವುದಿಲ್ಲ. ಹೋದ ವರ್ಷದ ಜಾತ್ರೆಯ ಫೋಟೊ ಹೋದ ವರ್ಷದ ದಿನಾಂಕದೊಂದಿಗೇ ಇಡೀ ಪಟ್ಟಿಯ ತಳದಲ್ಲಿ ಎಲ್ಲೋ ಕುಳಿತಿರುತ್ತದೆ.

ನಕಲು ಮಾಡಿದ ಹೊತ್ತು ದಾಖಲಾಗುವುದು ಸೃಷ್ಟಿಯ ದಿನಾಂಕದಲ್ಲಿ, ಅಂದರೆ ಡೇಟ್ ಕ್ರಿಯೇಟೆಡ್‌ನಲ್ಲಿ. ಎಂ ಬದಲು ಸಿ ಹಾಕಿ ಹುಡುಕಿದರೆ ಆ ಫೋಟೊಗಳು ಬರುತ್ತವೆ. ಆದರೆ ಎವೆರಿಥಿಂಗ್ ಈ ದಿನಾಂಕವನ್ನು ತಾನಾಗಿ ಸೂಚಿಗೆ ಸೇರಿಸಿಕೊಳ್ಳುವುದಿಲ್ಲ. ಹಾಗೇ ಬಿಟ್ಟರೆ ಹುಡುಕಾಟ ನಿಧಾನ. ಟೂಲ್ಸ್, ಆಪ್ಷನ್ಸ್, ಇಂಡೆಕ್ಸಸ್‌ನೊಳಗೆ ಹೋಗಿ ಇಂಡೆಕ್ಸ್ ಡೇಟ್ ಕ್ರಿಯೇಟೆಡ್‌ಗೆ ಗುರುತು ಹಾಕಬೇಕು. ಇಷ್ಟು ಮುಖ್ಯವಾದ ಆಯ್ಕೆಯನ್ನು ಅಷ್ಟು ಒಳಗೆ ಇಟ್ಟದ್ದು ನನಗೆ ಸರಿಕಾಣುವುದಿಲ್ಲ.

ಫೈಲಿನೊಳಗಿನ ಬರಹ ಹುಡುಕುವವರಿಗೆ ವಿಂಡೋಸ್ ಹುಡುಕಾಟವೇ ಮೇಲು. ಕಚೇರಿಯಲ್ಲಿ ವರ್ಡ್ ಒಂದರಲ್ಲೇ ಕೆಲಸ ಮಾಡುವವರಿಗೆ ಅದರ ರೀಸೆಂಟ್ ಪಟ್ಟಿ ಸಾಕು. ಬೇಕಾದ ಫೈಲನ್ನು ಪಿನ್ ಮಾಡಿಯೂ ಇಡಬಹುದು.

ನನ್ನ ಕೆಲಸವೆಲ್ಲ ಬೇರೆಯವರ ಪೆನ್‌ಡ್ರೈವ್, ವಾಟ್ಸ್‌ಆ್ಯಪ್ ಮೂಲಕ ಬರುವಂಥದ್ದು. ಕರಪತ್ರದ ದುಡಿಮೆಯಲ್ಲಿ ಹುಡುಕುವ ತಂತ್ರಾಂಶಕ್ಕೆಂದು ಹಣ ತೆಗೆದಿಡಲು ನನ್ನಿಂದಾಗದು. ಆದ್ದರಿಂದ ಎವೆರಿಥಿಂಗ್ ಇಡೀ ದಿನ ತೆರೆದೇ ಇರುತ್ತದೆ. ಬದಲಾವಣೆ ಮಾಡದೆ ಮುದ್ರಣಕ್ಕಷ್ಟೇ ತೆರೆದ ಫೈಲಿನ ಎರಡೂ ದಿನಾಂಕಗಳು ಹಳೆಯವೇ ಆಗಿರುತ್ತವಲ್ಲ, ಅಂಥವಕ್ಕೆ ಮಾತ್ರ ಈಗಲೂ ರೀಸೆಂಟ್ ಫೋಲ್ಡರಿಗೇ ಹೋಗುತ್ತೇನೆ.