ಬೆಂಗಳೂರು, ಬಡಾವಣೆ, ಹಳ್ಳಿ, ಪೇಟೆ: ಯಾರನ್ನೂ ಕೇಳದೆ ಹೊರಗೆ ಹೋಗೋದು ಎಲ್ಲಿ ಸಾಧ್ಯ?

ಎಲ್ಲಿ ಮನೆ ಮಾಡಿದರೆ ಒಳ್ಳೇದು ಅಂತ ಯಾರಾದರೂ ಕೇಳಿದರೆ ನಾನು ಗಾಳಿ, ಹಸಿರು, ನೆಮ್ಮದಿ ಅಂತ ಶುರು ಮಾಡುವುದಿಲ್ಲ. ನಿಮ್ಮ ಮನೆಯಲ್ಲಿ ಗಾಡಿ ಓಡಿಸೋಕೆ ಬರದವರು ಎಷ್ಟು ಜನ ಅಂತ ಕೇಳುತ್ತೇನೆ. ಅವರು ಸಂಜೆ ಐದಕ್ಕೆ ಚಪ್ಪಲಿ ಮೆಟ್ಟಿಕೊಂಡು, ಯಾರ ಮುಖವನ್ನೂ ನೋಡದೆ, ಎಲ್ಲಿವರೆಗೆ ಹೋಗಿ ಬರಬಹುದು? ಇದಕ್ಕೆ ಉತ್ತರ ಸಿಕ್ಕಿದರೆ ಮನೆ ಎಲ್ಲಿ ಅನ್ನೋದು ಮುಕ್ಕಾಲು ಪಾಲು ತೀರ್ಮಾನ ಆದ ಹಾಗೆ.

ನಮ್ಮ ಮನೆಯಲ್ಲಿ ಗಾಡಿ ಓಡಿಸುವುದು ಯಜಮಾನರು ಮಾತ್ರ. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸ. ನಾನು ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುತ್ತೇನೆ. ಈಗ ವಾರಕ್ಕೆರಡು ದಿನ ಆಫೀಸು, ಉಳಿದದ್ದು ಮನೆಯಿಂದ. ಹೈಸ್ಕೂಲಿನ ಮಗ ಒಬ್ಬ, ಮಂಡಿ ನೋವಿನ ಅತ್ತೆ ಒಬ್ಬರು. ಮಾವ ಮಾತ್ರ ಊರು ಬಿಟ್ಟು ಬರಲಿಲ್ಲ, ಎರಡು ಸೀಮೆ ಹಸು ಕಟ್ಟಿಕೊಂಡು ಅಲ್ಲೇ ಇದ್ದಾರೆ. ಈ ಸಂಸಾರ ಮೊದಲು ಬೆಂಗಳೂರಿನ ರಾಮಮೂರ್ತಿನಗರದಲ್ಲಿ ಬಾಡಿಗೆಗೆ ಇತ್ತು. ಕೊರೊನಾ ಬಂದಾಗ ಬಂಗಾರಪೇಟೆ ತಾಲೂಕಿನಲ್ಲಿ, ಬೂದಿಕೋಟೆ ಆಚೆಗಿರುವ ನಮ್ಮ ಹಳ್ಳಿಗೆ ಹೋಯಿತು. ಆಮೇಲೆ ಕೋಲಾರದ ಹೊರವಲಯದ ಒಂದು ಹೊಸ ಬಡಾವಣೆಗೆ, ಅಲ್ಲಿಂದ ಈಗ ಕೋಲಾರದ ಹಳೇ ಪೇಟೆಯೊಳಕ್ಕೆ. ನಾಲ್ಕರಲ್ಲೂ ಒಲೆ ಹಚ್ಚಿದ್ದೇನೆ, ಅದಕ್ಕೇ ಈ ಹೋಲಿಕೆ.

ನನಗೊಬ್ಬಳಿಗೆ ಅಂತ ಕೇಳಿದರೆ ಬೆಂಗಳೂರಿಗೇ ನನ್ನ ಓಟು. ರಾತ್ರಿ ಹತ್ತಕ್ಕೆ ಮನೆ ಬಾಗಿಲು ತಟ್ಟಿದರೂ ಎದುರುಮನೆಯ ಕಿಟಕಿ ತೆರೆಯುವುದಿಲ್ಲ. ಏನು ಉಟ್ಟೆ, ಯಾರ ಜೊತೆ ಇಳಿದೆ, ಯಾರಿಗೂ ಬೇಡ. ಆ ಬಿಡುಗಡೆಯನ್ನು ಹಳ್ಳಿ ಹೊಗಳುವವರು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಅದರಲ್ಲೂ ಗಂಡಸರು. ಆದರೆ ಆಫೀಸಿನ ದಾರಿಯ ಟಿನ್ ಫ್ಯಾಕ್ಟರಿ ಜಂಕ್ಷನ್ ದಾಟುವ ಹೊತ್ತಿಗೆ ಆ ಬಿಡುಗಡೆಯ ಅರ್ಧ ಬಸ್ಸಿನಲ್ಲೇ ಕರಗಿ ಹೋಗುತ್ತಿತ್ತು. ಮೆಟ್ರೋ ಇನ್ನೂ ಬಂದಿರಲಿಲ್ಲ. ಹತ್ತು ಹನ್ನೆರಡು ಕಿಲೋಮೀಟರಿಗೆ ಒಂದೂವರೆ ಗಂಟೆ ಅಂದರೆ ಅದು ಒಳ್ಳೆಯ ದಿನ.

ಅತ್ತೆಯ ಪಾಲಿಗೆ ಅದೇ ಬೆಂಗಳೂರು ಮೂರನೇ ಮಹಡಿಯ ಬಾಲ್ಕನಿ, ಅಷ್ಟೇ. ಲಿಫ್ಟ್ ಇಲ್ಲ. ಕೆಳಗೆ ಇಳಿದರೂ ಮುಖ್ಯರಸ್ತೆ ದಾಟೋಕೆ ಯಾರಾದರೂ ಕೈ ಹಿಡಿಯಬೇಕು. ಆಟೋ ಕರೆಯಬೇಕು ಅಂದರೆ ಮೊಬೈಲಿನಲ್ಲಿ ಒತ್ತಬೇಕು, ಬಂದವನಿಗೆ ಒಟಿಪಿ ಹೇಳಬೇಕು. "ಈ ಊರಲ್ಲಿ ದೇವಸ್ಥಾನಕ್ಕೆ ಹೋಗೋಕೂ ನಂಬರ್ ಹೇಳ್ಬೇಕೇನಮ್ಮಾ?" ಅಂತ ಒಂದು ಸಲ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಗನದೂ ಅದೇ ಕತೆ: ಸ್ಕೂಲ್ ವ್ಯಾನು, ಮನೆ, ಟೀವಿ.

ಹಳ್ಳಿಗೆ ಹೋದ ವಾರದಲ್ಲೇ ಲೆಕ್ಕ ತಿರುಗಿಬಿತ್ತು. ಮಂಡಿ ನೋವು ಅನ್ನುತ್ತಿದ್ದ ಅತ್ತೆ ಬೆಳಿಗ್ಗೆ ಡೇರಿಗೆ, ಮಧ್ಯಾಹ್ನ ತಂಗಿ ಮನೆಗೆ, ಸಂಜೆ ಹೊಲದ ಬದುವಿಗೆ ಬೆರಕೆ ಸೊಪ್ಪು ಕೀಳೋಕೆ. ಮಗ ಎಲ್ಲಿದ್ದಾನೆ ಅಂತ ನಾನು ಹುಡುಕಲೇ ಇಲ್ಲ. ಹೊಟ್ಟೆ ಹಸಿದಾಗ ಯಾವುದೋ ಮನೆಯಲ್ಲಿ ಉಂಡು ಬರುತ್ತಿದ್ದ. ಕಟ್ಟಿಹಾಕಿದಂತಾಗಿದ್ದು ನನ್ನನ್ನು. ಬಸ್ಸು ಬೆಳಿಗ್ಗೆ ಸ್ಕೂಲಿನ ಹೊತ್ತಿಗೆ ಒಂದು, ಸಂಜೆ ಒಂದು. ನಡುವೆ ಬಂಗಾರಪೇಟೆಗೆ ಹೋಗಬೇಕೆಂದರೆ ಯಜಮಾನರ ಬೈಕೇ ಗತಿ, ಇಲ್ಲವೇ ಶೇರ್ ಆಟೋ ತುಂಬುವವರೆಗೆ ಅರಳಿಕಟ್ಟೆ. ಸುಮ್ಮನೆ ರಸ್ತೆ ತುದಿವರೆಗೆ ನಡೆದು ಬರೋಣ ಅಂದರೆ, ಅಷ್ಟರಲ್ಲಿ ನಾಲ್ಕು ಜನ "ಎಲ್ಲಿಗಮ್ಮಾ?" ಅಂದಿರುತ್ತಾರೆ. ಕೆಟ್ಟದ್ದಕ್ಕೆ ಕೇಳುವುದಲ್ಲ, ನಿಜ. ಆದರೆ ನಾಲ್ವರಿಗೂ ನಂಬುವಂಥ ಉತ್ತರ ಕೊಡಬೇಕು. ಸುಮ್ಮನೆ ಹೊರಟೆ ಅಂದರೆ ಅಲ್ಲಿ ಉತ್ತರ ಅಲ್ಲ.

ಕತ್ತಲಾದ ಮೇಲೆ ಯಾರೂ ಎಲ್ಲೂ ಇಲ್ಲ. ನಮ್ಮ ಕಡೆ ತಮಿಳುನಾಡಿನ ಕಾಡಿನಿಂದ ಆನೆಗಳು ಬರುತ್ತವೆ. ರಾಗಿ ತೆನೆ ಬಲಿಯುವ ಕಾಲಕ್ಕೆ ಕಾಮಸಮುದ್ರ, ಬೂದಿಕೋಟೆ ಸುತ್ತಮುತ್ತ ರಾತ್ರಿ ಪಟಾಕಿ ಸದ್ದು ಕೇಳಿದರೆ ದೀಪಾವಳಿ ಅಂತ ತಿಳಿಯಬೇಡಿ, ಅರಣ್ಯ ಇಲಾಖೆಯವರು ಆನೆ ಓಡಿಸುತ್ತಿರುತ್ತಾರೆ. ಹಳ್ಳಿ ಅಂದರೆ ನಿಶ್ಶಬ್ದ ಅನ್ನುವ ನನ್ನ ಆಫೀಸಿನ ಗೆಳತಿಯರಿಗೆ ಇನ್ನೂ ಒಂದು ಮಾತು: ಧನುರ್ಮಾಸದಲ್ಲಿ ನಸುಕಿಗೇ ಮೈಕು, ಯಾರದೋ ಹೊಲದಲ್ಲಿ ಬೋರ್‌ವೆಲ್ ಲಾರಿ ಬಂದರೆ ರಾತ್ರಿಯಿಡೀ ಕೊರೆತ. ರಾಮಮೂರ್ತಿನಗರದಲ್ಲಿ ನಾನು ಇದಕ್ಕಿಂತ ಚೆನ್ನಾಗಿ ನಿದ್ದೆ ಮಾಡಿದ್ದೇನೆ.

ಹಳ್ಳಿಯಲ್ಲಿ ಖರ್ಚು ಕಮ್ಮಿ ಅನ್ನುವುದೂ ಅರ್ಧ ಸತ್ಯ. ಬಾಡಿಗೆ ಇಲ್ಲ. ಹಾಲು, ರಾಗಿ, ಸೊಪ್ಪು, ಕಾಲಕ್ಕೆ ಅವರೆಕಾಯಿ ಮನೆಯದೇ. ಬೆಂಗಳೂರಿನಲ್ಲಿ ಇಪ್ಪತ್ತು ಸಾವಿರದ ಮೇಲೆ ಬಾಡಿಗೆ ಕಟ್ಟಿದವಳಿಗೆ ಇದು ದೊಡ್ಡದೇ. ಆದರೆ ಮದುವೆ ಕಾಲ ಬಂದರೆ ಮುಯ್ಯಿ ಅನ್ನುವುದೊಂದಿದೆ. ಗೃಹಪ್ರವೇಶ, ನಾಮಕರಣ, ತಿಥಿ, ಎಲ್ಲದಕ್ಕೂ ಹೋಗಬೇಕು. ಅವರು ನಮಗೆ ಎಷ್ಟು ಮಾಡಿದ್ದರು ಅನ್ನೋದು ನೋಟ್‌ಬುಕ್ಕಿನಲ್ಲಿ ಬರೆದಿರುತ್ತದೆ, ಅದಕ್ಕಿಂತ ಕಮ್ಮಿ ಮಾಡುವ ಹಾಗಿಲ್ಲ. ಅತ್ತೆಗೆ ಒಂದು ರಾತ್ರಿ ಎದೆ ಹಿಡಿದುಕೊಂಡಾಗ ಕಾರು ಮಾಡಿಕೊಂಡು ಕೋಲಾರಕ್ಕೆ ಓಡಿದ್ದಾಯಿತು. ಗ್ಯಾಸ್ಟ್ರಿಕ್ ಅಂತ ಆಮೇಲೆ ಗೊತ್ತಾಯಿತು, ಆದರೆ ದಾರಿಯುದ್ದಕ್ಕೂ ನಮಗೆ ಅದು ಗೊತ್ತಿರಲಿಲ್ಲವಲ್ಲ.

ಟೊಮೆಟೊ ವಿಷಯ ಹೇಳದೆ ಕೋಲಾರ ಜಿಲ್ಲೆಯ ಬಗ್ಗೆ ಬರೆಯೋದು ಹೇಗೆ? ಸುಗ್ಗಿಯಲ್ಲಿ ಬೆಲೆ ಬಿದ್ದಾಗ ಹಳ್ಳಿಯಲ್ಲಿ ಬುಟ್ಟಿಗಟ್ಟಲೆ ಸುಮ್ಮನೆ ಕೊಡುತ್ತಾರೆ, ಕೊಯ್ಯುವ ಕೂಲಿಯೂ ಹುಟ್ಟುವುದಿಲ್ಲ ಅಂತ ಹೊಲದಲ್ಲೇ ಬಿಡುವವರೂ ಇದ್ದಾರೆ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿತು. ಆಗ ರಾತ್ರಿ ತೋಟ ಕಾಯೋಕೆ ಜನ ಮಲಗುತ್ತಿದ್ದರು. ನಾವು ಆಗ ಬಡಾವಣೆಯಲ್ಲಿದ್ದೆವು, ಅಷ್ಟು ದೊಡ್ಡ ಮಾರುಕಟ್ಟೆ ಪಕ್ಕದಲ್ಲಿಟ್ಟುಕೊಂಡು ಕಾಲು ಕೆ.ಜಿ. ತಂದು ಹುಣಸೆಹಣ್ಣಿನಲ್ಲೇ ಸಾರು ಮಾಡುತ್ತಿದ್ದೆ.

ಈಗ ಬಡಾವಣೆಗೆ ಬರೋಣ. ಕಾಗದದ ಮೇಲೆ ಗೆಲ್ಲಬೇಕಾದದ್ದು ಅದೇ. ಕೋಲಾರಕ್ಕೆ ಹತ್ತಿರ, ಹೆದ್ದಾರಿಗೆ ಹತ್ತಿರ, ಯಜಮಾನರ ಕಂಪನಿ ಬಸ್ಸು ಹೆದ್ದಾರಿಯಲ್ಲೇ ನಿಲ್ಲುತ್ತದೆ. ಬೆಂಗಳೂರಿನ ಅರ್ಧ ಬಾಡಿಗೆಗೆ ಇಡೀ ಮನೆ, ಮೇಲೆ ಮಹಡಿ. ಬೆಳಿಗ್ಗೆ ಎದ್ದರೆ ಅಂತರಗಂಗೆ ಬೆಟ್ಟ ಕಣ್ಣೆದುರಿಗೆ. ಮನೆ ನೋಡಲು ಬಂದವರೆಲ್ಲ "ಎಷ್ಟು ಚೆನ್ನಾಗಿದೆ" ಅಂದರು, ಅಂದು ವಾಪಸ್ ಹೋದರು. ನಾವು ಉಳಿದೆವು. ಹತ್ತು ನಿವೇಶನಕ್ಕೆ ಒಂದು ಮನೆ, ಉಳಿದದ್ದು ಪಾರ್ಥೇನಿಯಂ ಗಿಡ. ದೀಪದ ಕಂಬ ಇತ್ತು, ದೀಪ ಇರಲಿಲ್ಲ. ಉದ್ಯಾನ ಅಂತ ಬೋರ್ಡು ಇತ್ತು. ಒಂದು ಕೊತ್ತಂಬರಿ ಕಟ್ಟಿಗೆ ಹೆದ್ದಾರಿ ಪಕ್ಕದ ಅಂಗಡಿವರೆಗೆ ನಡೆಯಬೇಕು, ದಾರಿಯಲ್ಲಿ ನಾಯಿಗಳ ಹಿಂಡು. ಆಟೋದವರು ಗೇಟಿನ ಹತ್ತಿರವೇ "ಒಳಗೆ ಬರಲ್ಲ ಮೇಡಂ" ಅನ್ನುತ್ತಿದ್ದರು, ಬಂದರೆ ಡಬಲ್.

ಬೆಂಗಳೂರಿನಲ್ಲಿ ಅತ್ತೆ, ಮಗ ಕಟ್ಟುಬಿದ್ದಿದ್ದರು, ಹಳ್ಳಿಯಲ್ಲಿ ನಾನು ಮಾತ್ರ. ಬಡಾವಣೆಯಲ್ಲಿ ಅತ್ತೆ, ನಾನು, ಮಗ ಮೂವರೂ. ಟ್ಯೂಷನ್, ಡಾಕ್ಟರು, ಬಸ್‌ಸ್ಟ್ಯಾಂಡು, ಎಲ್ಲದಕ್ಕೂ ಒಂದೇ ಸ್ಕೂಟರು, ಅದನ್ನು ಓಡಿಸುವವರು ನೈಟ್ ಶಿಫ್ಟ್ ಮುಗಿಸಿ ಮಲಗಿರುತ್ತಿದ್ದರು. ನೀನೂ ಗಾಡಿ ಕಲಿ ಅಂತ ಎಲ್ಲರೂ ಹೇಳಿದರು. ಕಲಿಯಬಹುದು. ಆದರೆ ಎಪ್ಪತ್ತರ ಹತ್ತಿರದ ಅತ್ತೆಗೂ ಹದಿಮೂರರ ಮಗನಿಗೂ ಅದರಿಂದ ಆಗುವುದಿಷ್ಟೇ: ಕರೆದುಕೊಂಡು ಹೋಗು ಅಂತ ಕೇಳೋಕೆ ಇನ್ನೊಬ್ಬಳು ಸಿಕ್ಕಳು.

ನೀರಿನ ಲೆಕ್ಕದಲ್ಲಿ ಯಾವ ಜಾಗವೂ ಪೂರ್ತಿ ಗೆಲ್ಲುವುದಿಲ್ಲ, ಆದರೆ ಕೋಲಾರದವರು ನೀರಿನ ಮಾತು ಬಿಟ್ಟು ಮುಂದೆ ಹೋಗುವುದೂ ಇಲ್ಲ. ವರ್ಷವಿಡೀ ಹರಿಯುವ ಹೊಳೆ ಇಲ್ಲದ ಜಿಲ್ಲೆ ನಮ್ಮದು. ಇರುವುದೆಲ್ಲ ಕೆರೆ ಮತ್ತು ಬೋರು, ಬೋರು ಸಾವಿರ ಅಡಿ ದಾಟಿದರೂ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ರಾಮಮೂರ್ತಿನಗರದ ನಮ್ಮ ಮನೆಗೆ ಕಾವೇರಿ ಮತ್ತು ಟ್ಯಾಂಕರು ಎರಡೂ ಬರುತ್ತಿದ್ದವು. ಬೇಸಿಗೆಯಲ್ಲಿ ಎರಡನ್ನೂ ಕಾಯುತ್ತಿದ್ದೆವು. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಎರಡು ಹಂತ ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಅದೇ ಕೆ.ಸಿ. ವ್ಯಾಲಿ. ನರಸಾಪುರ ಕಡೆ ಕೆರೆ ತುಂಬಿ ಸುತ್ತಲ ಬೋರುಗಳಲ್ಲಿ ನೀರು ಮೇಲೆ ಬಂದಿದ್ದನ್ನು ರೈತರೇ ಹೇಳುತ್ತಾರೆ. ಮೂರನೇ ಹಂತದ ಶುದ್ಧೀಕರಣವೂ ಆಗಲಿ ಅಂತ ಹೋರಾಡುವವರೂ ಅವರ ನಡುವಿನವರೇ. ಆ ಬೇಡಿಕೆ ನ್ಯಾಯವಾದದ್ದು ಅಂತಲೇ ನನ್ನ ಅಭಿಪ್ರಾಯ. ಬಡಾವಣೆಯ ಬೋರಿನ ಗಡಸು ನೀರು ಪಾತ್ರೆಗೆಲ್ಲ ಬಿಳಿ ಪೊರೆ ಕಟ್ಟುತ್ತಿತ್ತು, ಕುಡಿಯೋಕೆ ಕ್ಯಾನು. ಇನ್ನು ಯರಗೋಳ್ ಅಣೆಕಟ್ಟು ಕಟ್ಟಿದ್ದು ನಮ್ಮದೇ ಬಂಗಾರಪೇಟೆ ತಾಲೂಕಿನಲ್ಲಿ, ಮಾರ್ಕಂಡೇಯ ನದಿಗೆ. 2023ರಲ್ಲಿ ಉದ್ಘಾಟನೆ ಆಯಿತು. ನೀರು ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳಿಗೆ. "ಡ್ಯಾಮು ನಮ್ಮ ಕಡೆ, ನಲ್ಲಿ ನಿಮ್ಮ ಕಡೆ" ಅಂತ ಮಾವ ಬಂದಾಗಲೆಲ್ಲ ಒಂದು ಚೊಂಬು ಕುಡಿದು ಹೇಳುತ್ತಾರೆ.

ಹಳೇ ಪೇಟೆಯ ಮನೆಯನ್ನು ಭೋಗ್ಯಕ್ಕೆ ಹಾಕಿಕೊಂಡಿದ್ದೇವೆ. ದುಡ್ಡು ಒಟ್ಟಿಗೆ ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ವಾಪಸ್. ಮನೆ ನೋಡಿದರೆ ಯಾರೂ ಚೆನ್ನಾಗಿದೆ ಅನ್ನುವುದಿಲ್ಲ. ಪಕ್ಕದವರ ಗೋಡೆಯೇ ನಮ್ಮ ಗೋಡೆ, ಅವರ ಕುಕ್ಕರ್ ಕೂಗಿದರೆ ನಾನು ಎದ್ದು ಒಲೆ ಆರಿಸಿದ್ದೂ ಇದೆ. ಓಣಿಯಲ್ಲಿ ಎದುರಿಂದ ಆಟೋ ಬಂದರೆ ಗೋಡೆಗೆ ಒರಗಬೇಕು. ಕಾರು ಇಡೋಕೆ ಜಾಗ ಇಲ್ಲ, ಧೂಳು ಬೇಕಾದಷ್ಟು. ನಗರಸಭೆ ನಲ್ಲಿ ದಿನಾ ಬರುವುದಿಲ್ಲ, ಸಂಪು ತುಂಬಿಸಿಟ್ಟುಕೊಳ್ಳಬೇಕು.

ಆದರೆ ಮಂಗಳವಾರ, ಶುಕ್ರವಾರ ಅತ್ತೆ ತಾವೇ ಕೋಲಾರಮ್ಮನ ಗುಡಿಗೆ ನಡೆದು ಹೋಗಿ, ಬರುವಾಗ ಹೂವು ಕಟ್ಟುವವಳ ಹತ್ತಿರ ಅರ್ಧ ಗಂಟೆ ಕೂತು ಬರುತ್ತಾರೆ. ಬಿ.ಪಿ. ತೋರಿಸೋಕೆ ಎಸ್.ಎನ್.ಆರ್. ಜಿಲ್ಲಾಸ್ಪತ್ರೆಗೂ ಅವರೇ, ಚೀಟಿ ಹಿಡಿದು. ಊರು ನೆನಪಾದರೆ ಬಸ್‌ಸ್ಟ್ಯಾಂಡಿಗೆ ಹೋಗಿ ಬಂಗಾರಪೇಟೆ ಬಸ್ಸು ಹತ್ತುತ್ತಾರೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಅದಕ್ಕೆ ನಮ್ಮ ಯಜಮಾನರ ಹತ್ತಿರ ದುಡ್ಡೂ ಕೇಳಬೇಕಾಗಿಲ್ಲ. ಆಧಾರ್ ಕಾರ್ಡು ಪರ್ಸಿನಲ್ಲಿ, ಎಲೆ ಅಡಿಕೆ ಪಕ್ಕದಲ್ಲಿ. ಮಗ ಟ್ಯೂಷನ್ನಿಗೆ, ಕ್ರಿಕೆಟ್ಟಿಗೆ ಕಾಲ್ನಡಿಗೆ. ನನಗೆ ಇಲ್ಲಿ ಎರಡು ದಾರಿ. ಕೋಲಾರದಿಂದ ಬಸ್ಸು ಹಿಡಿದು ಕೆ.ಆರ್. ಪುರದಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೋ, ಇಲ್ಲವೇ ಬಂಗಾರಪೇಟೆಗೆ ಹೋಗಿ ರೈಲಿನಲ್ಲಿ ವೈಟ್‌ಫೀಲ್ಡ್. ರೈಲು ಬೇಗ, ಆದರೆ ಬೆಳಗಿನ ರೈಲಿನಲ್ಲಿ ಕೂರುವ ಆಸೆ ಇಟ್ಟುಕೊಳ್ಳಬಾರದು. ಮಾರಿಕುಪ್ಪಂ, ಕೆಜಿಎಫ್ ಕಡೆಯಿಂದಲೇ ತುಂಬಿಕೊಂಡು ಬಂದಿರುತ್ತದೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಆ ಊರಿನ ಎಷ್ಟೋ ಜನರ ಬದುಕು ಆ ರೈಲಿನ ಮೇಲೇ ನಿಂತಿದೆ. ನಾನು ವಾರಕ್ಕೆರಡು ದಿನ ಗೊಣಗಿಕೊಂಡು ನಿಲ್ಲುವ ಜಾಗದಲ್ಲಿ ಅವರು ದಿನಾ ನಿಲ್ಲುತ್ತಾರೆ. ವಾರವಿಡೀ ಆಫೀಸಿಗೆ ಬನ್ನಿ ಅಂತ ಕಂಪನಿ ಹೇಳಿದ ದಿನ ನನ್ನ ಈ ಹೋಲಿಕೆಯೆಲ್ಲ ಮತ್ತೆ ಮೊದಲಿನಿಂದ ಬರೆಯಬೇಕಾದೀತು.

ಹಳೇ ಪೇಟೆಯಲ್ಲೂ "ಎಲ್ಲಿಗೆ?" ಅಂತ ಕೇಳುತ್ತಾರೆ. ಆದರೆ ಉತ್ತರಕ್ಕೆ ಕಾಯುವುದಿಲ್ಲ, ಅವರ ಅಂಗಡಿಗೆ ಗಿರಾಕಿ ಬಂದಿರುತ್ತಾರೆ. ನನಗೆ ಅಷ್ಟು ವಿಚಾರಣೆ ಸಾಕು.

ನೀವಿಬ್ಬರೇ, ಇಬ್ಬರಿಗೂ ಗಾಡಿ ಬರುತ್ತೆ, ದುಡಿಮೆ ಬೆಂಗಳೂರಿನದು ಅಂದರೆ ಬೆಂಗಳೂರಲ್ಲೇ ಇರಿ, ಕೋಲಾರದ ಸಂಜೆ ನಿಮಗೆ ಬೇಜಾರು ಹಿಡಿಸುತ್ತದೆ. ಹೊಲ ಇದ್ದು, ಹಸು ಕಟ್ಟೋಕೆ ಮೈ ಬಗ್ಗುವವರಾದರೆ ಹಳ್ಳಿ. ಸುಮ್ಮನೆ ನೆಮ್ಮದಿಗೆ ಅಂತ ಹೋಗೋದಾದರೆ ಮೊದಲು ಒಂದು ರಾಗಿ ಕೊಯ್ಲು ಕಾಲ ಇದ್ದು ನೋಡಿ. ಮನೆಯಲ್ಲಿ ಮುದುಕರು, ಮಕ್ಕಳು ಇಬ್ಬರೂ ಇದ್ದರೆ ಜಿಲ್ಲಾ ಕೇಂದ್ರದ ನಡುಪೇಟೆ, ಮನೆ ಹಳೇದಾದರೂ ಚಿಂತೆಯಿಲ್ಲ.

ನಮ್ಮ ಯಜಮಾನರು ಇದನ್ನು ಒಪ್ಪುವುದಿಲ್ಲ. ಅದೇ ಬಡಾವಣೆಯಲ್ಲಿ 30x40 ಅಡಿಯ ಒಂದು ನಿವೇಶನ ನೋಡಿಟ್ಟಿದ್ದಾರೆ. ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿ ಹೆಚ್ಚಿದಂತೆ ರೇಟು ಏರುತ್ತದೆ ಅನ್ನುವುದು ಅವರ ವಾದ. ಏರಲಿ, ತಗೊಳ್ಳಲಿ. ಅಲ್ಲಿ ಮನೆ ಕಟ್ಟುವ ಮಾತು ಮಾತ್ರ ಗೇಟಿನೊಳಗೆ ಒಂದು ಸಿಟಿ ಬಸ್ಸು, ಒಂದು ತರಕಾರಿ ಅಂಗಡಿ, ಉರಿಯುವ ಬೀದಿ ದೀಪ ಬಂದ ಮೇಲೆ ಅಂತ ಹೇಳಿದ್ದೇನೆ. ಅತ್ತೆ ಅದಕ್ಕೆ ಇನ್ನೊಂದು ಸೇರಿಸಿದ್ದಾರೆ: ಹೂವು ಮಾರುವವಳು.