ಓಪನ್‌ಎಸ್‌ಎಸ್‌ಎಚ್, ಪುಟ್ಟಿ, ಮೋಶ್, ವೈರ್‌ಗಾರ್ಡ್: ತುಮಕೂರಿನಿಂದ ಪಾವಗಡದ ಪಂಪ್‌ಮನೆಗೆ ಯಾವುದು ಸರಿ?

ಈ ನಾಲ್ಕೂ ದೂರದ ಕಂಪ್ಯೂಟರನ್ನು ನೆಟ್ ಮೂಲಕ ತಲುಪಿ ಕೆಲಸ ಮಾಡಲು ಬಳಸುವ ತಂತ್ರಾಂಶಗಳು. ಆಫೀಸಿನ ಫೈಬರ್ ಲೈನಿನಲ್ಲಿ ಕೂತು ಹೋಲಿಸಿದರೆ ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ತುಮಕೂರಲ್ಲಿ ಕೂತು ಶಿರಾ, ಮಧುಗಿರಿ, ಪಾವಗಡ ಕಡೆಯ ಯಂತ್ರ ನೋಡಿಕೊಳ್ಳುವವರಿಗೆ ಇರುವುದು ಎರಡೇ ಪ್ರಶ್ನೆ. ಟವರ್ ಸಿಗ್ನಲ್ ಹೋಗಿ ಬಂದಾಗ ತೆರೆದಿದ್ದ ಕೆಲಸ ಏನಾಗುತ್ತದೆ? ಪಬ್ಲಿಕ್ ಐಪಿಯೇ (ಹೊರಗಿನಿಂದ ನೇರ ತಲುಪಬಹುದಾದ ನೆಟ್ ವಿಳಾಸ) ಇಲ್ಲದ 4ಜಿ ಸಿಮ್ಮಿನ ಹಿಂದಿರುವ ಯಂತ್ರದೊಳಗೆ ಹೋಗುವುದು ಹೇಗೆ?

ನಾವು ಪರೀಕ್ಷಿಸಿದ್ದು ಹೀಗೆ. ಆ ತುದಿಯಲ್ಲಿ ಪಂಪ್‌ಮನೆಯೊಳಗೆ 4ಜಿ ಡಾಂಗಲ್ ಸಿಕ್ಕಿಸಿದ ರಾಸ್ಪ್‌ಬೆರಿ ಪೈ 4 (ಪುಟ್ಟ ಕಂಪ್ಯೂಟರ್, ಮುಂದೆ ಬರೀ ಪೈ), ಜೊತೆಗೆ ಓಪನ್‌ಡಬ್ಲ್ಯೂಆರ್‌ಟಿ ಎಂಬ ಲಿನಕ್ಸ್ ಹಾಕಿದ ರೂಟರ್. ನಡುವೆ ಬಾಡಿಗೆಗೆ ಹಿಡಿದ, ಪಬ್ಲಿಕ್ ಐಪಿ ಇರುವ ಉಬುಂಟು ಸರ್ವರ್. ಈ ತುದಿಯಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಲ್ಯಾಪ್‌ಟಾಪ್, ಟರ್ಮಕ್ಸ್ (ಲಿನಕ್ಸ್ ಆದೇಶಗಳನ್ನು ಓಡಿಸುವ ಆ್ಯಪ್) ಇರುವ ಆಂಡ್ರಾಯ್ಡ್ ಫೋನ್. ಒಮ್ಮೆ ಮೇಜಿನ ಮೇಲೆ, ಒಮ್ಮೆ ತುಮಕೂರು–ಯಶವಂತಪುರ ರೈಲಿನಲ್ಲಿ. ದಾಬಸ್‌ಪೇಟೆ, ನಿಡವಂದದ ಆಸುಪಾಸು ಸಿಗ್ನಲ್ ಬಿದ್ದೇಳುವುದರಿಂದ ಆ ರೈಲಿಗಿಂತ ಒಳ್ಳೆಯ ಪ್ರಯೋಗಶಾಲೆ ಬೇಕಿಲ್ಲ.

ಓಪನ್‌ಎಸ್‌ಎಸ್‌ಎಚ್

ದೂರದ ಯಂತ್ರಕ್ಕೆ ಗುಪ್ತಲಿಪಿಯಲ್ಲಿ ಲಾಗಿನ್ ಆಗುವ ವಿಧಾನ ಎಸ್‌ಎಸ್‌ಎಚ್. ಅದು ಹುಟ್ಟಿದ್ದು 1995ರಲ್ಲಿ, ಫಿನ್‌ಲ್ಯಾಂಡಿನ ತಾತು ಇಲೋನೆನ್ ಕೈಯಲ್ಲಿ. ಓಪನ್‌ಬಿಎಸ್‌ಡಿಯವರ ಓಪನ್‌ಎಸ್‌ಎಸ್‌ಎಚ್ ಬಂದದ್ದು 1999ರಲ್ಲಿ. ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಇದು ಸಾಮಾನ್ಯವಾಗಿ ಮೊದಲೇ ಇರುತ್ತದೆ, ಈಚಿನ ವಿಂಡೋಸ್ 10 ಮತ್ತು 11ರಲ್ಲೂ ಕ್ಲೈಂಟ್ ಸಿಗುತ್ತದೆ.

ಇದನ್ನು ಇದ್ದಂತೆಯೇ ಬಳಸಿದರೆ ರೈಲಿನಲ್ಲಿ ಪರದೆ ಹೆಪ್ಪುಗಟ್ಟುತ್ತದೆ. ಟೈಪ್ ಮಾಡಿದ್ದು ಕಾಣುವುದಿಲ್ಲ, ಕಂಟ್ರೋಲ್-ಸಿ ಒತ್ತಿದರೂ ಉಪಯೋಗವಿಲ್ಲ. ಕಾರಣ, ಸರ್ವರ್‌ಅಲೈವ್‌ಇಂಟರ್ವಲ್ ಮೂಲದಲ್ಲಿ 0 ಇರುತ್ತದೆ, ಅಂದರೆ ಆ ಕಡೆಯವರು ಬದುಕಿದ್ದಾರೆಯೇ ಎಂದು ಕೇಳುವುದೇ ಇಲ್ಲ. ಕಾನ್ಫಿಗ್ ಫೈಲಿನಲ್ಲಿ ಅದನ್ನು 30ಕ್ಕೆ ಇಡಿ, ಸರ್ವರ್‌ಅಲೈವ್‌ಕೌಂಟ್‌ಮ್ಯಾಕ್ಸ್ 3 ಇರಲಿ. ಸುಮಾರು 90 ಸೆಕೆಂಡು ಉತ್ತರ ಬಾರದಿದ್ದರೆ ತಾನೇ ಕಳಚಿಕೊಳ್ಳುತ್ತದೆ. ಇದನ್ನು 5ಕ್ಕೆ ಇಳಿಸುವವರಿದ್ದಾರೆ. ಹಾಗೆ ಮಾಡಿದರೆ 15 ಸೆಕೆಂಡಿನ ಸಿಗ್ನಲ್ ಮರೆಗೂ ಕನೆಕ್ಷನ್ ಕಟ್ ಆಗುತ್ತದೆ. ಈಗಾಗಲೇ ಹೆಪ್ಪುಗಟ್ಟಿದ್ದರೆ ವಿಂಡೋ ಮುಚ್ಚಬೇಕಿಲ್ಲ: ಎಂಟರ್, ಆಮೇಲೆ ಟಿಲ್ಡೆ, ಆಮೇಲೆ ಚುಕ್ಕಿ.

ಕನೆಕ್ಷನ್ ಹೋದರೂ ಕೆಲಸ ಹೋಗಬಾರದು ಅಂದರೆ ಆ ತುದಿಯಲ್ಲಿ ಟಿಮಕ್ಸ್ (ಕನೆಕ್ಷನ್ ಕಡಿದರೂ ಸೆಷನ್ನನ್ನು ಓಡಿಸುತ್ತಲೇ ಇಡುವ ಪ್ರೋಗ್ರಾಂ) ಬೇಕೇ ಬೇಕು. ಅಪ್‌ಗ್ರೇಡ್ ನಡೆಯುತ್ತಿರುವಾಗ ಟಿಮಕ್ಸ್ ಇಲ್ಲದೆ ನೆಟ್ ಹೋದರೆ ಪ್ಯಾಕೇಜುಗಳು ಅರ್ಧಕ್ಕೆ ನಿಂತುಬಿಡಬಹುದು. ಇದು ಇಷ್ಟದ ಮಾತಲ್ಲ, ಹಳ್ಳಿಯ ಯಂತ್ರಕ್ಕೆ ನಿಯಮವೇ ಸರಿ.

ವಿಂಡೋಸಿನ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಮೂರು ಕಿರಿಕಿರಿ. ಪೆನ್‌ಡ್ರೈವಿನಿಂದ ನಕಲಿಸಿದ ಪ್ರೈವೇಟ್ ಕೀಯನ್ನು (ಪಾಸ್‌ವರ್ಡಿನ ಬದಲು ಬಳಸುವ ಗುಟ್ಟಿನ ಫೈಲ್), ಬೇರೆಯವರೂ ಓದಬಹುದು ಎಂಬ ಕಾರಣಕ್ಕೆ ಅದು ಮುಟ್ಟುವುದಿಲ್ಲ. ಫೈಲಿನ ಸೆಕ್ಯೂರಿಟಿ ಪುಟದಲ್ಲಿ ಇನ್‌ಹೆರಿಟೆನ್ಸ್ ತೆಗೆದು ನಿಮ್ಮ ಯೂಸರ್ ಒಂದನ್ನೇ ಉಳಿಸಿ. ಕೀ ಹಿಡಿದಿಡುವ ಏಜೆಂಟ್ ಸರ್ವಿಸ್ ಮೂಲದಲ್ಲಿ ಆಫ್ ಇರುತ್ತದೆ, ಸರ್ವಿಸಸ್‌ಗೆ ಹೋಗಿ ಆಟೊಮ್ಯಾಟಿಕ್ ಮಾಡಿ. ಒಂದೇ ಕನೆಕ್ಷನ್ ಹಂಚಿಕೊಳ್ಳುವ ಕಂಟ್ರೋಲ್‌ಮಾಸ್ಟರ್ ಅಲ್ಲಿ ನಡೆಯುವುದಿಲ್ಲ. ನಿಧಾನದ ಲೈನಿನಲ್ಲಿ ಅದೇ ದೊಡ್ಡ ಅನುಕೂಲ, ಹಾಗಾಗಿ ವಿಂಡೋಸಿನವರು ಡಬ್ಲ್ಯೂಎಸ್‌ಎಲ್ (ವಿಂಡೋಸಿನೊಳಗೆ ಓಡುವ ಲಿನಕ್ಸ್) ಒಳಗಿನ ಎಸ್‌ಎಸ್‌ಎಚ್ ಬಳಸುವುದು ಮೇಲು.

ಪುಟ್ಟಿ

ಸೈಮನ್ ಟ್ಯಾಥಮ್ ಅವರ ಎಸ್‌ಎಸ್‌ಎಚ್ ಕ್ಲೈಂಟ್ ಪುಟ್ಟಿ ಇಂದಿಗೂ ಕಾಲೇಜು ಲ್ಯಾಬುಗಳಲ್ಲಿ, ಸೈಬರ್ ಸೆಂಟರುಗಳಲ್ಲಿ ಕಾಣುತ್ತದೆ. ಇನ್‌ಸ್ಟಾಲ್ ಇಲ್ಲದೆ ಒಂದೇ ಫೈಲಿನಿಂದ ಓಡುವುದು ಅದರ ಬಲ. ಆದರೆ ಸೇವ್ ಮಾಡಿದ ಸೆಷನ್‌ಗಳೆಲ್ಲ ವಿಂಡೋಸ್ ರಿಜಿಸ್ಟ್ರಿಯಲ್ಲಿ ಕೂರುತ್ತವೆ. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿದ ದಿನ ಎಲ್ಲವೂ ಹೋಯಿತು.

ಕೀ ವಿಷಯದಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಪುಟ್ಟಿಯ ಜೊತೆಗಿನ, ಕೀ ತಯಾರಿಸುವ ಪುಟ್ಟಿಜೆನ್‌ನ ‘ಸೇವ್ ಪಬ್ಲಿಕ್ ಕೀ’ ಗುಂಡಿ ಕೊಡುವುದು ಹಲವು ಸಾಲಿನ ಫೈಲ್. ಅದನ್ನು ಸರ್ವರಿನ ಆಥರೈಸ್ಡ್ ಕೀಸ್ ಫೈಲಿಗೆ (ಒಳಬಿಡಬೇಕಾದ ಕೀಗಳ ಪಟ್ಟಿ) ಅಂಟಿಸಿದರೆ ಸರ್ವರ್ ಕೀಯನ್ನು ತಿರಸ್ಕರಿಸುತ್ತದೆ. ಬೇಕಾದದ್ದು ವಿಂಡೋದ ಮೇಲ್ಭಾಗದ ಚೌಕದಲ್ಲಿ ಕಾಣುವ ಒಂದೇ ಸಾಲು. ಅಷ್ಟು ಮಾಡಿಯೂ ತಿರಸ್ಕರಿಸಿದರೆ ಅನುಮತಿ ನೋಡಿ: ಎಸ್‌ಎಸ್‌ಎಚ್ ಫೋಲ್ಡರಿಗೆ 700, ಕೀಸ್ ಫೈಲಿಗೆ 600. ಹೋಮ್ ಫೋಲ್ಡರನ್ನು ಗುಂಪಿನವರು ಬರೆಯುವಂತೆ ಬಿಟ್ಟಿದ್ದರೂ ಸರ್ವರ್ ಒಪ್ಪುವುದಿಲ್ಲ. 0.75ರಿಂದ ಈಚೆಗೆ ಕೀ ಫೈಲಿನ ರೂಪ ಪಿಪಿಕೆ 3, ಹಳೆಯ ಉಪಕರಣಗಳು ಅದನ್ನು ಓದವು. ಪುಟ್ಟಿಜೆನ್‌ನಲ್ಲೇ ಆವೃತ್ತಿ 2 ಆರಿಸಿ ಸೇವ್ ಮಾಡಬಹುದು.

ಪುಟ್ಟಿಗೂ ಕನೆಕ್ಷನ್ ಜೀವಂತ ಇಡುವ ಕೀಪ್‌ಅಲೈವ್ ಇದೆ, ಅದೂ ಮೂಲದಲ್ಲಿ 0. ಆದರೆ ಅದು ಸುಮ್ಮನೆ ಒಂದು ಪ್ಯಾಕೆಟ್ ಎಸೆಯುತ್ತದೆ, ಉತ್ತರ ಕೇಳುವುದಿಲ್ಲ. ಸಿಮ್ ಕಂಪನಿಯ ನ್ಯಾಟ್ (ಹಲವು ಗ್ರಾಹಕರನ್ನು ಒಂದೇ ಪಬ್ಲಿಕ್ ಐಪಿಯ ಹಿಂದೆ ಇಡುವ ವ್ಯವಸ್ಥೆ) ಕನೆಕ್ಷನ್ನನ್ನು ಮರೆಯದಂತೆ ಇಡಲು ಅಷ್ಟು ಸಾಕು. ಲೈನ್ ಸತ್ತಿರುವುದನ್ನು ಬೇಗ ಪತ್ತೆ ಹಚ್ಚಲು ಸಾಲದು. ದಿನದ ಎಸ್‌ಎಸ್‌ಎಚ್ ಕೆಲಸಕ್ಕೆ ಇನ್ನು ಪುಟ್ಟಿ ಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ. ಸೀರಿಯಲ್ ಕೇಬಲ್ಲಿಗೆ ಮಾತ್ರ ಇಟ್ಟುಕೊಳ್ಳಿ, ಅದರ ಮಾತು ಕೊನೆಯಲ್ಲಿದೆ.

ಮೋಶ್

ರೈಲಿನಲ್ಲಿ ಗೆದ್ದದ್ದು ಇದೇ, ಅನುಮಾನವಿಲ್ಲ. 2012ರಲ್ಲಿ ಎಂಐಟಿಯಿಂದ ಬಂದ ಮೋಶ್ ಲಾಗಿನ್ ಆಗುವುದು ಎಸ್‌ಎಸ್‌ಎಚ್ ಮೂಲಕವೇ. ಆಮೇಲೆ ಅದನ್ನು ಬಿಟ್ಟು ಯುಡಿಪಿಗೆ (ಕಾಯಂ ಕನೆಕ್ಷನ್ ಇಲ್ಲದೆ ಪ್ಯಾಕೆಟ್ ಕಳಿಸುವ ರೀತಿ) ಇಳಿಯುತ್ತದೆ. ಐಪಿ ಬದಲಾದರೂ, ವೈಫೈನಿಂದ 4ಜಿಗೆ ಹೋದರೂ, ಲ್ಯಾಪ್‌ಟಾಪ್ ಮುಚ್ಚಿ ತೆರೆದರೂ ಸೆಷನ್ ಅಲ್ಲೇ ಇರುತ್ತದೆ. ಸಿಗ್ನಲ್ ಹೋದಾಗ ಪರದೆಯ ಮೇಲ್ತುದಿಯಲ್ಲಿ ಕೊನೆಯ ಸಂಪರ್ಕವಾಗಿ ಎಷ್ಟು ಸೆಕೆಂಡಾಯಿತು ಎಂಬ ಪಟ್ಟಿ ಬರುತ್ತದೆ, ಬಂದಾಗ ತಾನೇ ಮಾಯವಾಗುತ್ತದೆ. ಟೈಪ್ ಮಾಡಿದ ಅಕ್ಷರವನ್ನು ಸರ್ವರ್ ಉತ್ತರಕ್ಕೆ ಕಾಯದೆ ಊಹಿಸಿ ತೋರಿಸುತ್ತದೆ. ಕಳಿಸುವುದು ಪರದೆಯ ಈಗಿನ ಸ್ಥಿತಿಯನ್ನು ಮಾತ್ರ. ಹಾಗಾಗಿ ತಪ್ಪಿ ದೊಡ್ಡ ಲಾಗ್ ಫೈಲ್ ಸುರಿದರೂ ಡೇಟಾ ಪ್ಯಾಕ್ ಕರಗುವುದಿಲ್ಲ, ಕಂಟ್ರೋಲ್-ಸಿ ಕೂಡಲೇ ಕೆಲಸ ಮಾಡುತ್ತದೆ.

ಕೊರತೆಗಳೂ ಇವೆ. ಹಿಂದಕ್ಕೆ ಸ್ಕ್ರೋಲ್ ಇಲ್ಲ, ಪೋರ್ಟ್ ಫಾರ್ವರ್ಡಿಂಗ್ (ಬೇರೆ ಸೇವೆಯನ್ನು ಅದೇ ಕನೆಕ್ಷನ್ನಿನಲ್ಲಿ ಹಾಯಿಸುವುದು) ಇಲ್ಲ, ಏಜೆಂಟ್ ಫಾರ್ವರ್ಡಿಂಗ್ (ನಮ್ಮ ಕೀಯನ್ನು ಆ ತುದಿಯಿಂದ ಬಳಸುವುದು) ಇಲ್ಲ. ವಿಂಡೋಸಿನಲ್ಲಿ ನೇರ ಓಡದು, ಡಬ್ಲ್ಯೂಎಸ್‌ಎಲ್‌ನಂಥ ದಾರಿ ಬೇಕು. ಫೋನ್ ಬ್ಯಾಟರಿ ಸತ್ತರೆ ಆ ಸೆಷನ್‌ಗೆ ಮರಳಿ ಅಂಟಿಕೊಳ್ಳಲಾಗದು, ಸರ್ವರಿನಲ್ಲಿ ಅನಾಥವಾಗಿ ಉಳಿಯುತ್ತದೆ. ಅಂದರೆ ಮೋಶ್ ಇದ್ದರೂ ಟಿಮಕ್ಸ್ ತಪ್ಪಿದ್ದಲ್ಲ.

ಶುರುವಿನಲ್ಲೇ ಎರಡು ಕಡೆ ನಿಲ್ಲುತ್ತದೆ. ಯುಟಿಎಫ್-8 ಲೊಕೇಲ್ (ಭಾಷೆ, ಲಿಪಿಯ ಸೆಟ್ಟಿಂಗ್) ಇಲ್ಲ ಎಂದು ದೂರಿದರೆ ಸರ್ವರಿನಲ್ಲಿ ಲೊಕೇಲ್ಸ್ ಪ್ಯಾಕೇಜ್ ಮರುಸಂರಚಿಸಿ ಒಂದು ಯುಟಿಎಫ್-8 ಲೊಕೇಲ್ ಆರಿಸಿ. ಯುಡಿಪಿ ಪೋರ್ಟಿನಿಂದ ಏನೂ ಬರಲಿಲ್ಲ ಎಂದರೆ ಫೈರ್‌ವಾಲ್. ಮೋಶ್ ಬಳಸುವುದು 60000ರಿಂದ 61000, ಒಂದು ಸೆಷನ್‌ಗೆ ಒಂದು ಪೋರ್ಟ್. 60001ರಿಂದ 60010ರವರೆಗೆ ತೆರೆದು ಅದೇ ವ್ಯಾಪ್ತಿಯನ್ನು ಮೋಶ್‌ಗೂ ಹೇಳಿದರೆ ಸಾಕು. ಕ್ಲೌಡ್ ಸರ್ವರಾದರೆ ಒಳಗಿನ ಫೈರ್‌ವಾಲ್ ಅಲ್ಲದೆ ಕಂಪನಿಯ ಕಂಟ್ರೋಲ್ ಪ್ಯಾನೆಲ್ಲಿನಲ್ಲೂ ತೆರೆಯಬೇಕು, ಅದನ್ನು ಮರೆಯುವವರೇ ಹೆಚ್ಚು. ಅಂದ ಹಾಗೆ, ಕನ್ನಡದ ಫೈಲ್ ಹೆಸರುಗಳಿಗೆ ಹೆಚ್ಚಿನ ಟರ್ಮಿನಲ್‌ಗಳಲ್ಲಿ ನೆಮ್ಮದಿಯಿಲ್ಲ. ಒತ್ತಕ್ಷರ ಬಂದ ಕಡೆ ಕರ್ಸರ್ ಜಾರುತ್ತದೆ.

ಸಿಮ್ಮಿನ ಹಿಂದಿನ ಯಂತ್ರ: ರಿವರ್ಸ್ ಟನೆಲ್ಲೋ ವೈರ್‌ಗಾರ್ಡೋ?

ಮೇಲಿನ ಮೂರೂ ತಲುಪುವುದು ನಡುವಿನ ಸರ್ವರಿನವರೆಗೆ. ಪಂಪ್‌ಮನೆಯ ಪೈಗೆ ಹೊರಗಿನಿಂದ ಬಾಗಿಲಿಲ್ಲ, ಅದೇ ಒಳಗಿನಿಂದ ಹೊರಗೆ ಬಂದು ಸರ್ವರನ್ನು ಹಿಡಿದಿರಬೇಕು.

ರಿವರ್ಸ್ ಟನೆಲ್‌ಗೆ ಎಸ್‌ಎಸ್‌ಎಚ್ ಒಂದೇ ಸಾಕು. ಪೈನಿಂದ ಸರ್ವರಿಗೆ ದೊಡ್ಡಕ್ಷರದ ಆರ್ ಆಯ್ಕೆಯಲ್ಲಿ 2201:ಲೋಕಲ್‌ಹೋಸ್ಟ್:22 ಎಂದು ಕೊಟ್ಟರೆ, ಸರ್ವರಿನ 2201ಕ್ಕೆ ಬಂದದ್ದು ಪೈನ 22ಕ್ಕೆ ಹೋಗುತ್ತದೆ. ನಮ್ಮ ಕಡೆಯಿಂದ ದೊಡ್ಡಕ್ಷರದ ಜೆ ಆಯ್ಕೆಯಲ್ಲಿ ಸರ್ವರ್ ಹಾದು, ಅಲ್ಲಿನ ಲೋಕಲ್‌ಹೋಸ್ಟ್ 2201ಕ್ಕೆ ಹೋಗುವುದು. ಆ ಪೋರ್ಟನ್ನು ಹೊರಗಿನ ಜಗತ್ತಿಗೆ ತೆರೆಯಬೇಡಿ.

ಇದು ಕೆಡುವ ರೀತಿ ಹೆಚ್ಚುಕಡಿಮೆ ಒಂದೇ. 4ಜಿ ಹೋಗಿ ಬರುತ್ತದೆ, ಪೈ ಮತ್ತೆ ಕನೆಕ್ಟ್ ಆಗುತ್ತದೆ. ಆದರೆ ಸರ್ವರಿನಲ್ಲಿ ಹಳೆಯ ಸತ್ತ ಸೆಷನ್ ಇನ್ನೂ 2201ನ್ನು ಹಿಡಿದು ಕೂತಿರುತ್ತದೆ. ಹೊಸ ಎಸ್‌ಎಸ್‌ಎಚ್ ಪೋರ್ಟ್ ಸಿಗಲಿಲ್ಲ ಎಂದು ಒಂದು ಸಾಲು ಬರೆದು ಸುಮ್ಮನೆ ಬದುಕಿರುತ್ತದೆ. ಪ್ರೋಗ್ರಾಂ ಓಡುತ್ತಿದೆ, ಟನೆಲ್ ಮಾತ್ರ ಇಲ್ಲ. ಮದ್ದು ಎರಡೂ ಕಡೆ ಬೇಕು: ಪೈನಲ್ಲಿ ಎಕ್ಸಿಟ್‌ಆನ್‌ಫಾರ್ವರ್ಡ್‌ಫೇಲ್ಯೂರ್ ಯೆಸ್, ಸರ್ವರಿನಲ್ಲಿ ಕ್ಲೈಂಟ್‌ಅಲೈವ್‌ಇಂಟರ್ವಲ್ 30. ಟನೆಲ್ಲನ್ನು ಸಿಸ್ಟಮ್‌ಡಿ ಸರ್ವಿಸ್ (ಲಿನಕ್ಸ್ ತಾನೇ ಶುರುಮಾಡಿ ನೋಡಿಕೊಳ್ಳುವ ಕೆಲಸ) ಮಾಡಿ, ರೀಸ್ಟಾರ್ಟ್ ಆಲ್ವೇಸ್, ನಡುವೆ 20 ಸೆಕೆಂಡು. ಹೀಗಾದರೆ ಬಿದ್ದ ಟನೆಲ್ಲನ್ನು ಮತ್ತೆ ಎಬ್ಬಿಸುವ ಆಟೊಎಸ್‌ಎಸ್‌ಎಚ್ ಬೇಕಿಲ್ಲ. ಪಂಪ್‌ಮನೆಯ ಪೈ ಯಾರಾದರೂ ಕದ್ದೊಯ್ಯಬಹುದಾದ ವಸ್ತು. ಅದರ ಕೀಗೆ ಸರ್ವರಿನ ಆಥರೈಸ್ಡ್ ಕೀಸ್‌ನಲ್ಲಿ ರೆಸ್ಟ್ರಿಕ್ಟ್, ಪೋರ್ಟ್-ಫಾರ್ವರ್ಡಿಂಗ್, ಪರ್ಮಿಟ್‌ಲಿಸನ್ ಮೂರನ್ನೂ ಹಾಕಿ ಒಂದೇ ಪೋರ್ಟಿಗೆ ಕಟ್ಟಿಹಾಕಿ.

ಮೋಶ್ ಯುಡಿಪಿಯಾದ್ದರಿಂದ ಈ ಟನೆಲ್ಲೊಳಗೆ ಹೋಗದು. ಪೈವರೆಗೆ ಮೋಶ್ ಬೇಕಾದವರಿಗೆ, ಐದಾರು ಯಂತ್ರಕ್ಕಿಂತ ಹೆಚ್ಚು ಇರುವವರಿಗೆ ವೈರ್‌ಗಾರ್ಡ್ ಎಂಬ ವಿಪಿಎನ್ (ದೂರದ ಯಂತ್ರಗಳನ್ನು ಒಂದೇ ಖಾಸಗಿ ಜಾಲಕ್ಕೆ ಸೇರಿಸುವ ವ್ಯವಸ್ಥೆ) ಸರಿ. 2020ರ ಲಿನಕ್ಸ್ 5.6ರಿಂದ ಕರ್ನಲ್ ಒಳಗೇ ಇದೆ. ಪ್ರತಿ ಯಂತ್ರಕ್ಕೂ ಒಂದು ಸ್ಥಿರ ಒಳ ಐಪಿ ಸಿಗುತ್ತದೆ, ಪೋರ್ಟ್ ನೆನಪಿಡುವ ಗೋಳಿಲ್ಲ. ಪೈ ಕಡೆ ಪರ್ಸಿಸ್ಟೆಂಟ್‌ಕೀಪ್‌ಅಲೈವ್ 25 ಹಾಕಲೇಬೇಕು, ಇಲ್ಲದಿದ್ದರೆ ನ್ಯಾಟ್ ದಾರಿ ಮುಚ್ಚಿ ನಾವು ಕರೆದಾಗ ಪೈ ಓಗೊಡುವುದಿಲ್ಲ. ಲಾಗಿನ್ ಆಗುತ್ತದೆ, ಆದರೆ ಉದ್ದದ ಔಟ್‌ಪುಟ್ ಬಂದ ಕೂಡಲೇ ನಿಲ್ಲುತ್ತದೆ ಅಂದರೆ ಎಂಟಿಯುವನ್ನು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಮೂಲದ 1420ರಿಂದ 1280ಕ್ಕೆ ಇಳಿಸಿ.

ವೈರ್‌ಗಾರ್ಡಿನ ನಿಜವಾದ ಕಾಟ ಕರೆಂಟ್ ಹೋಗಿ ಬಂದಾಗ. ಪೈ 4ರಲ್ಲಿ ಬ್ಯಾಟರಿ ಗಡಿಯಾರವಿಲ್ಲ. ಎದ್ದಾಗ ಅದರ ಸಮಯ ಕೊನೆಯ ಬಾರಿ ಉಳಿಸಿಟ್ಟ ಹೊತ್ತಿಗೆ ಹಿಂದೆ ಸರಿದಿರುತ್ತದೆ. ವೈರ್‌ಗಾರ್ಡ್ ಹ್ಯಾಂಡ್‌ಶೇಕಿನಲ್ಲಿ ಸಮಯದ ಮುದ್ರೆ ಇರುತ್ತದೆ, ಹಿಂದಿನದಕ್ಕಿಂತ ಹಳೆಯದು ಬಂದರೆ ಸರ್ವರ್ ಮಾತಿಲ್ಲದೆ ಎಸೆಯುತ್ತದೆ. ಎನ್‌ಟಿಪಿಯಿಂದ (ನೆಟ್ ಮೂಲಕ ಗಡಿಯಾರ ಸರಿಪಡಿಸುವ ಸೇವೆ) ಸಮಯ ಸರಿಯಾದ ಕೂಡಲೇ ಟನೆಲ್ ಏಳುತ್ತದೆ. ಆದರೆ ಅಲೌಡ್‌ಐಪೀಸ್‌ನಲ್ಲಿ (ಟನೆಲ್ ಮೂಲಕ ಹೋಗಬೇಕಾದ ವಿಳಾಸಗಳ ಪಟ್ಟಿ) 0.0.0.0/0, ಅಂದರೆ ಎಲ್ಲ ವಿಳಾಸಗಳು, ಎಂದು ಬರೆದಿದ್ದರೆ ಎನ್‌ಟಿಪಿಯೂ ಟನೆಲ್ ಮೂಲಕವೇ ಹೋಗಬೇಕು, ಸಮಯ ಸರಿಯಾಗದೆ ಟನೆಲ್ ಏಳದು, ಟನೆಲ್ ಏಳದೆ ಸಮಯ ಸರಿಯಾಗದು. ಒಳ ಜಾಲದ ವ್ಯಾಪ್ತಿಯನ್ನಷ್ಟೇ ಬರೆಯಿರಿ, ಉದಾಹರಣೆಗೆ 10.8.0.0/24. ಎಂಡ್‌ಪಾಯಿಂಟ್‌ಗೆ (ಸರ್ವರಿನ ವಿಳಾಸ) ಹೆಸರಿನ ಬದಲು ಐಪಿ ಕೊಡಿ, ಪೈ ಏಳುವ ಹೊತ್ತಿಗೆ ಹೆಸರನ್ನು ಐಪಿಗೆ ತಿರುಗಿಸುವ ಡಿಎನ್‌ಎಸ್ ಸಿಗದೆ ಸರ್ವಿಸ್ ಬಿದ್ದುಹೋಗುವುದು ತಪ್ಪುತ್ತದೆ.

ನಮ್ಮ ಆಯ್ಕೆ: ದಿನದ ದಾರಿಗೆ ವೈರ್‌ಗಾರ್ಡ್, ಹಿತ್ತಿಲ ಬಾಗಿಲಿಗೆ ರಿವರ್ಸ್ ಟನೆಲ್. ಎರಡೂ ಒಟ್ಟಿಗೆ ಓಡಲಿ, ಒಂದರ ಸಂರಚನೆ ತಿದ್ದುವಾಗ ಇನ್ನೊಂದರಿಂದ ಒಳಗಿರಿ. ವೈರ್‌ಗಾರ್ಡನ್ನೇ ಆಧರಿಸಿದ ಟೇಲ್‌ಸ್ಕೇಲ್ ಸೇವೆ ಇದೆಲ್ಲಕ್ಕಿಂತ ಸುಲಭ, ಆದರೆ ಯಾವ ಯಂತ್ರ ಜಾಲದೊಳಗೆ ಬರಬಹುದು ಎಂಬ ಹಿಡಿತ ಇನ್ನೊಂದು ಕಂಪನಿಯ ಸರ್ವರಿನಲ್ಲಿರುತ್ತದೆ.

ರೂಟರ್ ಮತ್ತು ಕೇಬಲ್

ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಇರುವುದು ಡ್ರಾಪ್‌ಬೇರ್ ಎಂಬ ಪುಟ್ಟ ಎಸ್‌ಎಸ್‌ಎಚ್ ಸರ್ವರ್. ಲಾಗಿನ್‌ಗೆ ತೊಂದರೆಯಿಲ್ಲ. ಫೈಲ್ ಕಳಿಸುವಾಗ ಮಾತ್ರ ಎಸ್‌ಎಫ್‌ಟಿಪಿ ಸರ್ವರ್ ಸಿಗಲಿಲ್ಲ ಎನ್ನುತ್ತದೆ. 2022ರ ಓಪನ್‌ಎಸ್‌ಎಸ್‌ಎಚ್ 9.0ರಿಂದ ಫೈಲ್ ನಕಲಿಸುವ ಎಸ್‌ಸಿಪಿ ಆದೇಶ ಒಳಗೊಳಗೆ ಎಸ್‌ಎಫ್‌ಟಿಪಿ ವಿಧಾನ ಬಳಸುತ್ತದೆ, ಡ್ರಾಪ್‌ಬೇರ್‌ನಲ್ಲಿ ಅದಿಲ್ಲ. ಎಸ್‌ಸಿಪಿಗೆ ದೊಡ್ಡಕ್ಷರದ ಓ ಆಯ್ಕೆ ಕೊಟ್ಟರೆ ಹಳೆಯ ರೀತಿಯಲ್ಲೇ ಹೋಗುತ್ತದೆ.

ಎರಡೂ ಬಾಗಿಲು ಮುಚ್ಚಿದ ದಿನ ಗಾಡಿ ಹತ್ತಿ ಹೋಗಲೇಬೇಕು. ಆಗ ಚೀಲದಲ್ಲಿ 3.3 ವೋಲ್ಟಿನ ಯುಎಸ್‌ಬಿ-ಸೀರಿಯಲ್ ಕೇಬಲ್ ಇರಲಿ. ಪೈನ 6ನೇ ಪಿನ್ ಗ್ರೌಂಡ್. 8ನೇದು ಕಳಿಸುವುದು, ಅದು ಕೇಬಲ್ಲಿನ ಪಡೆಯುವ ತಂತಿಗೆ. 10ನೇದು ಪಡೆಯುವುದು, ಅದು ಕಳಿಸುವ ತಂತಿಗೆ. ಕೆಂಪು 5 ವೋಲ್ಟ್ ತಂತಿಯನ್ನು ಜೋಡಿಸಬೇಡಿ. ಸೀರಿಯಲ್ ಕನ್ಸೋಲನ್ನು ಪೈನಲ್ಲಿ ಮೊದಲೇ ಆನ್ ಮಾಡಿಟ್ಟಿರಬೇಕು, ಅಲ್ಲಿಗೆ ಹೋದ ಮೇಲೆ ಮಾಡಲು ಎಸ್‌ಡಿ ಕಾರ್ಡ್ ತೆಗೆಯಬೇಕಾಗುತ್ತದೆ. ಪುಟ್ಟಿಯಲ್ಲಿ ಸೀರಿಯಲ್ ಆರಿಸಿ ವೇಗ 115200 ಕೊಡಿ, ಫ್ಲೋ ಕಂಟ್ರೋಲ್ ‘None’ ಮಾಡಿ, ಓಪನ್ ಆದ ಮೇಲೆ ಒಮ್ಮೆ ಎಂಟರ್ ಒತ್ತಿ.