ದಸರಾ ರಜೆಗೆ ಊಟಿ ಟಾಯ್ ಟ್ರೈನಾ? ಪುಟ್ಟ ಮಕ್ಕಳಿದ್ದರೆ ಮೊದಲು ಇದನ್ನು ಓದಿ

ದಸರಾ ರಜೆ ಹತ್ತಿರ ಬಂದರೆ ಸಾಕು, "ಟಾಯ್ ಟ್ರೈನ್ ಪ್ಯಾಕೇಜ್, ಮಕ್ಕಳಿಗೆ ಫುಲ್ ಮಜಾ" ಅನ್ನೋ ಜಾಹೀರಾತು ವಾಟ್ಸಾಪ್ ತುಂಬ ಓಡಾಡುತ್ತದೆ. ಐದು ವರ್ಷದೊಳಗಿನ ಮಕ್ಕಳಿರುವವರು ಕೊಯಮತ್ತೂರು ಹತ್ತಿರದ ಮೆಟ್ಟುಪಾಳ್ಯಂನಿಂದ ಊಟಿವರೆಗಿನ ಪೂರ್ತಿ ಪ್ರಯಾಣಕ್ಕೆ ಹೋಗಬೇಡಿ. ಹೋಗಲೇಬೇಕು ಅಂತಿದ್ದರೆ ಟಿಕೆಟ್ ನೀವೇ ಮಾಡಿಸಿ, ಏಜೆಂಟ್ ಕೈಗೆ ಕೊಡಬೇಡಿ. ಕಳೆದ ದಸರಾಕ್ಕೆ ನಮ್ಮ ಮನೆಯವರು, ಅಕ್ಕನ ಮನೆಯವರು ಸೇರಿ ಬೆಂಗಳೂರಿಂದ ಹೋಗಿದ್ದೆವು. ನನ್ನ ಮಗಳಿಗೆ ಮೂರು ವರ್ಷ, ಅಕ್ಕನ ಮಗನಿಗೆ ಆರು.

ರೈಲಿನ ಮೇಲೆ ನನಗೇನೂ ಸಿಟ್ಟಿಲ್ಲ. 1908ರಲ್ಲಿ ಊಟಿ ತಲುಪಿದ ಹಳಿ ಅದು, 2005ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಕಲ್ಲಾರ್‌ನಿಂದ ಕೂನೂರಿನವರೆಗೆ ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆ. ಎಂಜಿನ್‌ನ ಚಕ್ರ ಅದನ್ನು ಕಚ್ಚಿಕೊಂಡು ಗುಡ್ಡ ಹತ್ತುತ್ತದೆ. 46 ಕಿ.ಮೀ. ದೂರಕ್ಕೆ ಹತ್ತಿರ ಹತ್ತಿರ ಐದು ಗಂಟೆ. ರೈಲಿನ ಹುಚ್ಚಿರುವ ದೊಡ್ಡವರು ಖಂಡಿತ ಹೋಗಿ. ಆದರೆ ಮೂರು ವರ್ಷದ ಕೂಸಿಗೆ ಯುನೆಸ್ಕೋ ಕಟ್ಟಿಕೊಂಡು ಏನಾಗಬೇಕು?

ಬೋಗಿಗಳಲ್ಲಿ ಶೌಚಾಲಯ ಇಲ್ಲ. ಇದನ್ನು ನಮ್ಮ ಏಜೆಂಟ್ ಬಾಯಿಬಿಟ್ಟು ಹೇಳಲೇ ಇಲ್ಲ. ರೈಲು ಹೊರಡುವುದು ಬೆಳಿಗ್ಗೆ 7:10ಕ್ಕೆ. ಕೊಯಮತ್ತೂರಲ್ಲಿ ಉಳಿದುಕೊಂಡವರು ನಾಲ್ಕು ಗಂಟೆಗೇ ಮಕ್ಕಳನ್ನು ಎಬ್ಬಿಸಬೇಕು. ನಿದ್ದೆಗಣ್ಣಲ್ಲಿ ಹಾಲು ಕುಡಿದ ಮಗು ಎಂಟೂವರೆಗೆ "ಅಮ್ಮಾ, ಸುಸ್ಸು" ಅಂದರೆ ಏನು ಮಾಡುತ್ತೀರಿ? ಎಂಜಿನ್‌ಗೆ ನೀರು ತುಂಬಿಸಲು ಹಿಲ್‌ಗ್ರೋವ್‌ನಲ್ಲಿ ನಿಲ್ಲುತ್ತದೆ, ನಿಜ. ಅಲ್ಲಿವರೆಗೆ ತಡೆದುಕೊಳ್ಳಬೇಕಲ್ಲ! ಅಲ್ಲಿ ಇಳಿದರೂ ಇಡೀ ರೈಲಿನ ಜನ ಒಂದೇ ಕಡೆ ಸಾಲು ನಿಂತಿರುತ್ತಾರೆ. ಜೊತೆಗೆ ಕೋತಿಗಳ ಕಾಟ. ಅಕ್ಕನ ಮಗನ ಕೈಲಿದ್ದ ಬಿಸ್ಕತ್ ಪೊಟ್ಟಣ ಕಣ್ಣು ಮಿಟುಕಿಸುವುದರೊಳಗೆ ಮಾಯ. ಅವನ ಅಳು ಕೂನೂರಿನವರೆಗೂ ನಿಲ್ಲಲಿಲ್ಲ.

ಇದಕ್ಕಿಂತ ಜಾಸ್ತಿ ಕಾಡಿದ್ದು ಸೀಟಿನ ವಿಷಯ. ಐದು ವರ್ಷದೊಳಗಿನ ಮಕ್ಕಳಿಗೆ ರೈಲಿನಲ್ಲಿ ಟಿಕೆಟ್ ಬೇಡ, ಆದರೆ ಟಿಕೆಟ್ ಮಾಡಿಸದಿದ್ದರೆ ಸೀಟೂ ಇರಲ್ಲ. ಏಜೆಂಟ್ "ಪಾಪುಗೂ ಸೀಟು ಹಾಕಿಸಿದೀನಿ ಮೇಡಂ" ಅಂತ ತಲೆಲೆಕ್ಕದಲ್ಲಿ ದುಡ್ಡು ತಗೊಂಡಿದ್ದ. ಟಿಕೆಟ್ ನೋಡಿದರೆ ಅವಳ ಹೆಸರಿಗೆ ಸೀಟೇ ಇಲ್ಲ. ಅದೂ ಟಿಕೆಟ್ ನಮ್ಮ ಕೈಗೆ ಬಂದಿದ್ದು ಹಿಂದಿನ ರಾತ್ರಿ. ಮೊಣಕಾಲಿಗೆ ಮೊಣಕಾಲು ತಾಗುವ ಬೆಂಚಿನಲ್ಲಿ ಅಷ್ಟೂ ಹೊತ್ತು ಮಗು ತೊಡೆ ಮೇಲೆ. ಸಾಲದ್ದಕ್ಕೆ ನಮ್ಮ ಸೀಟುಗಳು ಎರಡು ಬೋಗಿಗೆ ಹಂಚಿಹೋಗಿದ್ದವು. ಈ ರೈಲಲ್ಲಿ ಒಂದು ಬೋಗಿಯಿಂದ ಇನ್ನೊಂದಕ್ಕೆ ಒಳಗಿಂದ ಹೋಗಲು ದಾರಿ ಇಲ್ಲ. ತಿಂಡಿ ಡಬ್ಬಿ, ಬದಲಿ ಬಟ್ಟೆ, ವಾಂತಿಗೆ ಇಟ್ಟುಕೊಂಡ ಕವರ್ ಎಲ್ಲ ಭಾವನ ಹತ್ತಿರ ಆ ಬೋಗಿಯಲ್ಲಿ. ಇಬ್ಬರು ಮಕ್ಕಳೂ ನಮ್ಮ ಬೋಗಿಯಲ್ಲಿ. ನಡುವೆ ಏನೇನಾಯಿತು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಮಕ್ಕಳಿಗೆ ಎಂಜಿನ್ ನೋಡುವ ಆಸೆ. ಗುಡ್ಡ ಹತ್ತುವಾಗ ಎಂಜಿನ್ ಹಿಂದಿನಿಂದ ತಳ್ಳುತ್ತದೆ, ಕೂತಲ್ಲಿಂದ ಕಾಣುವುದೇ ಕಷ್ಟ. ದಾರಿಯಲ್ಲಿ 16 ಸುರಂಗ. ಒಂದೊಂದು ಬಂದಾಗಲೂ ಇಡೀ ಬೋಗಿ "ಹೋ" ಅಂತ ಕಿರುಚುತ್ತದೆ. ರಜೆಯ ಜೋಶ್, ಬೇಡ ಅನ್ನೋಕಾಗಲ್ಲ. ನನ್ನ ಮಗಳು ಪ್ರತಿ ಸಲ ಬೆಚ್ಚಿಬಿದ್ದು ನನ್ನ ಕುತ್ತಿಗೆ ಹಿಡಿದುಕೊಂಡಳು.

ಇನ್ನು ಮಳೆ. ದಸರಾ ಹೊತ್ತಿಗೆ ಮಳೆಗಾಲ ಮುಗಿಯಿತು ಅಂತ ನಮ್ಮ ಕಡೆ ಲೆಕ್ಕ. ನೀಲಗಿರಿಯ ಆ ಮಗ್ಗುಲಲ್ಲಿ ಹಿಂಗಾರು ಶುರುವಾಗುವುದೇ ಆಗ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಕಲ್ಲಾರ್-ಕೂನೂರು ನಡುವೆ ಗುಡ್ಡ ಕುಸಿದು ರೈಲು ರದ್ದಾಗುವುದು ಮಾಮೂಲಿ. ನಾವು ವಾಪಸ್ ಬರಬೇಕಿದ್ದ ರೈಲೂ ಹಾಗೇ ರದ್ದಾಯಿತು. ಅದಕ್ಕೆ ಯಾರನ್ನೂ ದೂರುವಂತಿಲ್ಲ. ಆದರೆ ರೈಲು ರದ್ದಾದಾಗ ಇ-ಟಿಕೆಟ್ ದುಡ್ಡು ವಾಪಸ್ ಹೋಗುವುದು ಯಾವ ಖಾತೆಯಿಂದ ಕಟ್ಟಿದ್ದರೋ ಆ ಖಾತೆಗೆ. ಅಂದರೆ ಏಜೆಂಟ್ ಕಡೆಗೆ. "ರೈಲ್ವೆಯಿಂದ ಇನ್ನೂ ಬಂದಿಲ್ಲ ಮೇಡಂ" ಅಂತ ಕೆಲವು ವಾರ ಆಟ ಆಡಿಸಿದ, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಊಟಿಯಿಂದ ಕೊಯಮತ್ತೂರಿಗೆ ರಜೆಯ ಸೀಸನ್ನಲ್ಲಿ ಟ್ಯಾಕ್ಸಿಯವರು ಕೇಳಿದ್ದನ್ನು ಕೊಟ್ಟು ಇಳಿದೆವು.

ಮಕ್ಕಳಿಗೆ ಆ ರೈಲು ತೋರಿಸಲೇಬೇಕಾ? ಊಟಿ-ಕೂನೂರು ನಡುವಿನದ್ದು ಹಿಡಿಯಿರಿ. ಸುಮಾರು 19 ಕಿ.ಮೀ., ಒಂದು ಗಂಟೆ ಚಿಲ್ಲರೆ. ಲವ್‌ಡೇಲ್, ವೆಲ್ಲಿಂಗ್ಟನ್ ಎಲ್ಲ ದಾರಿಯಲ್ಲೇ ಸಿಗುತ್ತವೆ, ಕಣಿವೆಯೂ ಚೆನ್ನಾಗಿ ಕಾಣುತ್ತದೆ. ಇಲ್ಲಿ ಓಡುವುದು ಉಗಿ ಎಂಜಿನ್ ಅಲ್ಲ, ಡೀಸೆಲ್; ಹಲ್ಲಿನ ಹಳಿಯೂ ಇಲ್ಲ. ಮಕ್ಕಳಿಗೆ ಅದರ ವ್ಯತ್ಯಾಸ ಏನೂ ಗೊತ್ತಾಗಲ್ಲ ಬಿಡಿ. ಹತ್ತುವ ಮುಂಚೆ ಸ್ಟೇಷನ್‌ನಲ್ಲೇ ಶೌಚಾಲಯಕ್ಕೆ ಕರೆದುಕೊಂಡು ಹೋಗಿ.

ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ. ರಜೆ ದಿನಾಂಕ ನೋಡಿಕೊಂಡು, ಬುಕಿಂಗ್ ತೆರೆಯುವ ದಿನವೇ ಬೆಳಿಗ್ಗೆ ರೈಲ್ವೆ ಟಿಕೆಟ್ ಜಾಲತಾಣದಲ್ಲಿ ನಿಮ್ಮ ಖಾತೆಯಿಂದಲೇ ಮಾಡಿ. ಆಗಲೇ ಏಜೆಂಟ್ ಕೈಗೆ ಕೊಟ್ಟಿದ್ದರೆ ಅವನು ಕಳಿಸುವ ಸ್ಕ್ರೀನ್‌ಶಾಟ್ ನಂಬಬೇಡಿ. ಟಿಕೆಟ್ ಮೇಲಿರುವ ಪಿಎನ್‌ಆರ್ ನಂಬರ್ ಇವತ್ತೇ ಇಸಕೊಂಡು ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ ನೋಡಿ. ಚಾರ್ಟ್, ಅಂದರೆ ಸೀಟಿನ ಅಂತಿಮ ಪಟ್ಟಿ, ಆದ ಮೇಲೂ ವೇಟಿಂಗ್ ಲಿಸ್ಟ್‌ನಲ್ಲೇ ಇದ್ದರೆ ಇ-ಟಿಕೆಟ್ ತಾನಾಗೇ ರದ್ದಾಗುತ್ತದೆ, ಅದನ್ನು ಹಿಡಿದು ಹತ್ತುವ ಹಾಗಿಲ್ಲ. ಯಾವ ಬೋಗಿ, ಯಾವ ಸೀಟು, ಮಗುವಿಗೆ ಸೀಟಿದೆಯೋ ಇಲ್ಲವೋ, ರೈಲು ರದ್ದಾದರೆ ದುಡ್ಡು ಎಷ್ಟು ದಿನದಲ್ಲಿ ಕೊಡುತ್ತಾನೆ, ಇಷ್ಟನ್ನೂ ಬರಹದಲ್ಲಿ ಕೇಳಿ. ಬರೆದುಕೊಡಲು ಎಳೆದಾಡಿದರೆ ಬಾಕಿ ದುಡ್ಡು ಹಾಕಬೇಡಿ.